ಇಸವಿಯಿಲ್ಲದ ರೆಕಾರ್ಡು: ಫ್ರೆಂಚ್ ಹಾರ್ಡ್‌ಕೋರ್ ಬ್ಯಾಂಡಿನ ಚರಿತ್ರೆ ಬರೆಯುವುದು ಹೇಗೆ

ಪಂಕ್ ಸಂಗೀತದ ಇನ್ನೂ ವೇಗದ, ಒರಟಾದ ರೂಪವೇ ಹಾರ್ಡ್‌ಕೋರ್. ಫ್ರಾನ್ಸಿನ ಅಂಡರ್‌ಗ್ರೌಂಡ್ ಹಾರ್ಡ್‌ಕೋರ್ ಬ್ಯಾಂಡೊಂದು ಬಿಟ್ಟುಹೋಗುವ ಆಸ್ತಿ ಸಾಮಾನ್ಯವಾಗಿ ಇಷ್ಟೇ: ಒಂದು ಡೆಮೊ ಕ್ಯಾಸೆಟ್, ಒಂದೆರಡು ಏಳಿಂಚಿನ ರೆಕಾರ್ಡು, ಯಾರದೋ ಸಂಕಲನದಲ್ಲಿ ಎರಡು ಹಾಡು, ಜೆರಾಕ್ಸ್ ಮಾಡಿದ ಒಂದಷ್ಟು ಪೋಸ್ಟರು, ಮತ್ತು ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗದ ನಾಲ್ಕೈದು ಜನರ ನೆನಪು. ಇದನ್ನಿಟ್ಟುಕೊಂಡು ಚರಿತ್ರೆ ಬರೆಯಲು ಹೊರಟವರು ಮೊದಲು ಮಾಡುವ ತಪ್ಪೆಂದರೆ ಗಾಯಕನನ್ನು ಹುಡುಕಿ ಮಾತಿಗೆ ಕೂರುವುದು. ಗಾಯಕನಿಗೆ ಕಥೆ ಬಾಯಿಪಾಠ ಆಗಿರುತ್ತದೆ. ಒಮ್ಮೆ ಅದನ್ನು ಕೇಳಿದಿರೋ, ಆಮೇಲೆ ಸಿಗುವ ಪ್ರತಿಯೊಂದು ಕಾಗದವನ್ನೂ ಆ ಕಥೆಗೆ ಹೊಂದಿಸುತ್ತಲೇ ಹೋಗುತ್ತೀರಿ. ಮೊದಲು ವಸ್ತು, ಆಮೇಲೆ ಮನುಷ್ಯರು.

ವಸ್ತುಗಳಿಗೆ ಕೈಹಾಕುವ ಮುಂಚೆ ಕಾಲದ ಸ್ಥೂಲ ನಕ್ಷೆಯೊಂದು ತಲೆಯಲ್ಲಿರಲಿ. 1976 ಮತ್ತು 1977ರ ಆಗಸ್ಟ್‌ಗಳಲ್ಲಿ ಮೋಂ-ದ-ಮಾರ್ಸಾಂ ಊರಿನ ಪಂಕ್ ಉತ್ಸವಗಳು. ಎಂಬತ್ತರ ದಶಕದ ಆರಂಭದಲ್ಲಿ ಓಯ್ (ಬೀದಿ ಹುಡುಗರ ಒರಟು ಪಂಕ್) ಬ್ಯಾಂಡುಗಳ ಕಾಲ; ಓರ್ಲೆಯಾಂ, ಬೋರ್ದೊಗಳಂಥ ಊರುಗಳೂ ನಕ್ಷೆಗೆ ಬಂದವು. 1983ರ ಸುಮಾರಿಗೆ ವೇಗ ಹೆಚ್ಚಿತು: ಪ್ಯಾರಿಸ್‌ನಲ್ಲಿ ಹೈಮಾಟ್-ಲೋಸ್, ರಾಪ್ಟ್ ತರಹದ ಬ್ಯಾಂಡುಗಳು, ಆಂಜೆಯಲ್ಲಿ ಲೆ ಥಗ್ಸ್. ಇವುಗಳ ಜೊತೆಜೊತೆಗೇ ಡ್ರಮ್ ಮಷೀನ್ ಇಟ್ಟುಕೊಂಡ ಬೆರ್ಯುರಿಯೆ ನ್ವಾರ್ ಬ್ಯಾಂಡು ದೊಡ್ಡದಾಗಿ ಬೆಳೆದು, 1989ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಒಲಿಂಪಿಯಾ ಸಭಾಂಗಣದಲ್ಲಿ ಮೂರು ರಾತ್ರಿ ನುಡಿಸಿ ಬಾಗಿಲು ಹಾಕಿತು. ತೊಂಬತ್ತರ ದಶಕದಲ್ಲಿ ಒಂದು ಕಡೆ ಕಿಕ್‌ಬ್ಯಾಕ್ ಬ್ಯಾಂಡಿನ ಮಾದರಿಯ ಭಾರವಾದ ಹಾರ್ಡ್‌ಕೋರ್, ಇನ್ನೊಂದು ಕಡೆ ಸ್ಕ್ವಾಟ್‌ಗಳನ್ನೂ (ಖಾಲಿ ಬಿದ್ದ ಕಟ್ಟಡವನ್ನು ಅನುಮತಿಯಿಲ್ಲದೆ ಹಿಡಿದು ನಡೆಸುವ ಜಾಗ) ಅಂಚೆಯನ್ನೂ ನೆಚ್ಚಿಕೊಂಡು ರೆಕಾರ್ಡು ಹೊರತರುವ ಚಿಕ್ಕ ಚಿಕ್ಕ ಲೇಬಲ್‌ಗಳ ಜಾಲ. ನಿಮ್ಮ ಬ್ಯಾಂಡು ಇದರಲ್ಲಿ ಎಲ್ಲಿ ನಿಂತಿತ್ತು ಎಂಬುದರ ಮೇಲೆ ಯಾವ ಪತ್ರಿಕೆ, ಯಾವ ಊರು, ಯಾವ ಮಾದರಿಯ ಟೇಪು ಎಂಬುದೆಲ್ಲ ನಿಂತಿದೆ.

ಎರಡು ಕಾಲಂ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಅದರಲ್ಲಿ "ದಿನಾಂಕ" ಎಂಬ ಒಂದೇ ಕಾಲಂ ಇದ್ದರೆ ಕೆಲಸ ಕೆಟ್ಟಿತು. ಎರಡು ಬೇಕು: "ಇದಕ್ಕಿಂತ ಮುಂಚೆ ಅಲ್ಲ" ಮತ್ತು "ಇದಕ್ಕಿಂತ ಆಮೇಲೆ ಅಲ್ಲ". ಇವುಗಳ ಪಕ್ಕದಲ್ಲಿ ವಸ್ತು ಯಾವುದು, ಅದರಲ್ಲಿ ಏನು ಬರೆದಿದೆ (ಬರೆದಂತೆಯೇ, ತಪ್ಪು ಕಾಗುಣಿತದ ಸಮೇತ), ಯಾರ ಬಳಿ ಇದೆ, ಆ ಸಾಲಿನಲ್ಲಿ ಡ್ರಮ್ಸ್ ಯಾರದು. ಡ್ರಮ್ಮರ್‌ಗೇ ಒಂದು ಪ್ರತ್ಯೇಕ ಕಾಲಂ ಕೊಡುವುದಕ್ಕೆ ಕಾರಣವಿದೆ. ಹಾರ್ಡ್‌ಕೋರ್‌ನಲ್ಲಿ ಡ್ರಮ್ಸ್ ನುಡಿಸಬಲ್ಲವರು ಯಾವಾಗಲೂ ಕಡಿಮೆ. ಒಬ್ಬನೇ ಮೂರು ಬ್ಯಾಂಡಿಗೆ ಓಡಾಡುತ್ತಿರುತ್ತಾನೆ, ಹಾಗಾಗಿ ಆತ ಬದಲಾದ ಕಡೆಯೆಲ್ಲ ಚರಿತ್ರೆಯಲ್ಲಿ ಒಂದು ಗೆರೆ ಎಳೆಯಬಹುದು. ಗಿಟಾರಿಸ್ಟ್ ಬದಲಾದದ್ದನ್ನು ಬ್ಯಾಂಡಿನವರೇ ಮರೆತಿರುತ್ತಾರೆ, ಡ್ರಮ್ಮರ್ ಬಿಟ್ಟುಹೋದದ್ದನ್ನು ಯಾರೂ ಮರೆಯುವುದಿಲ್ಲ.

ಎರಡು ದಿನಾಂಕಗಳ ನಡುವಿನ ಅಂತರವನ್ನು ಸಾಕ್ಷ್ಯದ ಮೇಲೆ ಸಾಕ್ಷ್ಯ ಇಟ್ಟು ಕಿರಿದಾಗಿಸುತ್ತ ಹೋಗುವುದೇ ಈ ಕೆಲಸ. ಅಂತರ ಮೂರು ತಿಂಗಳಿಗೆ ಬಂದರೆ ತುಂಬ ಒಳ್ಳೆಯದು. ಒಂದು ವರ್ಷಕ್ಕೆ ನಿಂತರೂ ಬೇಸರ ಬೇಡ, ಹಾಗೆಯೇ ಬರೆಯಿರಿ.

ಫೋನ್ ನಂಬರ್ ಸಾಕ್ಷಿ ಹೇಳುತ್ತದೆ

ಇಸವಿ ಅಚ್ಚಾಗದ ಕಾಗದಕ್ಕೆ ಇಸವಿ ಹಚ್ಚಲು ಫ್ರಾನ್ಸಿನಲ್ಲಿ ಫೋನ್ ನಂಬರಿನಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ. 1985ರ ಅಕ್ಟೋಬರ್ 25ರ ರಾತ್ರಿ ಇಡೀ ದೇಶದ ನಂಬರುಗಳು ಎಂಟಂಕಿಗೆ ಬದಲಾದವು. ಅದಕ್ಕೆ ಮುಂಚೆ ಪ್ಯಾರಿಸ್‌ನದು ಏಳಂಕಿ, ಮೂರು-ಎರಡು-ಎರಡಾಗಿ ಬರೆಯುತ್ತಿದ್ದರು. ಬದಲಾದ ಮೇಲೆ ಮುಂದೆ ಒಂದು 4 ಸೇರಿತು. ಹೊರ ಊರುಗಳಲ್ಲಿ ವ್ಯತ್ಯಾಸ ಸೂಕ್ಷ್ಮ: ಮೊದಲು ಎರಡಂಕಿಯ ಪ್ರದೇಶ ಸಂಖ್ಯೆ ಆವರಣದೊಳಗೆ, ಆಮೇಲೆ ಆರಂಕಿ, ಬದಲಾವಣೆಯ ನಂತರ ಆವರಣ ಮಾಯವಾಗಿ ಎಂಟೂ ಅಂಕಿ ಒಂದೇ ಸಾಲು. ಅಂದರೆ ದಿಜೋಂ ಊರಿನ ಪೋಸ್ಟರಿನಲ್ಲಿ 80 ಎಂಬ ಪ್ರದೇಶ ಸಂಖ್ಯೆ ಆವರಣದೊಳಗಿದೆಯೋ ಹೊರಗಿದೆಯೋ ಎಂಬುದೇ ಪ್ರಶ್ನೆ. 1996ರ ಅಕ್ಟೋಬರ್ 18ರಂದು ಮತ್ತೆ ಬದಲಾಗಿ ಹತ್ತಂಕಿಯಾಯಿತು. 01ರಿಂದ 05ರವರೆಗಿನ ಆರಂಭ ಅಲ್ಲಿಂದ ಈಚಿನದು. ಹಳೆಯ ಲೆಟರ್‌ಹೆಡ್ಡನ್ನೋ ಹಳೆಯ ಕವರನ್ನೋ ಕೆಲವರು ವರ್ಷಗಟ್ಟಲೆ ಬಳಸುತ್ತಿದ್ದರು. ಹಾಗಾಗಿ ಹೊಸ ಮಾದರಿಯ ನಂಬರ್ "ಇದಕ್ಕಿಂತ ಮುಂಚೆ ಅಲ್ಲ" ಎಂಬುದಕ್ಕೆ ಗಟ್ಟಿ ಸಾಕ್ಷಿ, ಹಳೆಯ ಮಾದರಿಯದು "ಇದಕ್ಕಿಂತ ಆಮೇಲೆ ಅಲ್ಲ" ಎಂಬುದಕ್ಕೆ ಬರೀ ಸೂಚನೆ.

ಒಂದು ಪೋಸ್ಟರು ಕೈಗೆ ಬಂತೆಂದುಕೊಳ್ಳಿ. ಎ3 ಅಳತೆಯ ಜೆರಾಕ್ಸ್, ನಾಲ್ಕು ಬ್ಯಾಂಡುಗಳ ಹೆಸರು, ಟಿಕೆಟ್ 25 ಫ್ರಾಂಕ್, "ಸಾಮ್ದಿ 14 ಮಾರ್ಸ್" ಅಂದರೆ ಶನಿವಾರ ಮಾರ್ಚ್ 14, ಕೆಳಗೆ ಎಂಟಂಕಿಯ ನಂಬರ್. ಇಸವಿ ಇಲ್ಲ. ಮಾರ್ಚ್ 14 ಶನಿವಾರ ಬಿದ್ದದ್ದು 1981, 1987, 1992, 1998ರಲ್ಲಿ. ಎಂಟಂಕಿ ಇರುವುದರಿಂದ 1981 ಹೋಯಿತು, 1998 ಹೋಯಿತು. ಉಳಿದದ್ದು 1987 ಮತ್ತು 1992. ಫ್ರಾಂಕ್ ಇಲ್ಲಿ ಏನೂ ಹೇಳುವುದಿಲ್ಲ, ಅದು 2002ರ ಫೆಬ್ರವರಿಯವರೆಗೂ ಚಲಾವಣೆಯಲ್ಲಿತ್ತು. ಪೋಸ್ಟರಿನ ಮೂಲೆಯಲ್ಲಿ ಮಲಿಕ್ ಉಸೆಕಿನ್ ಹೆಸರಿದ್ದರೆ 1987ರ ಕಡೆ ತಕ್ಕಡಿ ವಾಲುತ್ತದೆ, ಏಕೆಂದರೆ ಆ ವಿದ್ಯಾರ್ಥಿ ಪೊಲೀಸರ ಏಟಿಗೆ ಸತ್ತದ್ದು 1986ರ ಡಿಸೆಂಬರ್ 6ರಂದು. ಆದರೂ ಅದು ಸುಳಿವು ಮಾತ್ರ. ಐದು ವರ್ಷದ ಮೇಲೂ ಆ ಹೆಸರನ್ನು ಪೋಸ್ಟರಿನಲ್ಲಿ ಹಾಕುವವರಿದ್ದರು. ಇತ್ಯರ್ಥ ಮಾಡುವುದು ಉಳಿದ ಮೂರು ಬ್ಯಾಂಡುಗಳು. ಅವುಗಳಲ್ಲಿ ಒಂದು 1989ರಲ್ಲಿ ಮುರಿದದ್ದು ಬೇರೆ ಕಡೆಯಿಂದ ಗೊತ್ತಾದರೆ ಪೋಸ್ಟರಿಗೆ 1987 ಎಂದು ಬರೆಯಬಹುದು. ಕಾರ್ಯಕ್ರಮ ನಡೆಯಿತು ಎಂದು ಮಾತ್ರ ಬರೆಯಬೇಡಿ. ಪೋಸ್ಟರು ಹೇಳುವುದು ಕಾರ್ಯಕ್ರಮ ಘೋಷಣೆಯಾಗಿತ್ತು ಎಂಬುದನ್ನಷ್ಟೇ. ಹಿಂದಿನ ದಿನ ಪುರಸಭೆ ಸಭಾಂಗಣ ಕೊಡದೆ ಹೋದದ್ದು, ವ್ಯಾನ್ ಕೆಟ್ಟದ್ದು ಪೋಸ್ಟರಿನಲ್ಲಿ ಇರುವುದಿಲ್ಲ.

ಜಾಗದ ಹೆಸರೂ ಬೇಲಿ ಹಾಕುತ್ತದೆ. ಪ್ಯಾರಿಸ್‌ನ ಲಾ ಮಿರ್ವಾತರಿ ಸ್ಕ್ವಾಟ್ 1999ರಿಂದ 2014ರವರೆಗಿನದು. ದಿಜೋಂನ ಲೆ ತಾನ್ನರಿ 1998ರಿಂದೀಚಿನದು. ಮೋಂತ್ರೆಯ್‌ನ ಲ್ಯುಜೀನ್ ಎಂದರೆ ಎಂಬತ್ತರ ದಶಕ.

ವಿಳಾಸಕ್ಕೆ ಬಂದರೆ, ಅಂಚೆ ಸಂಖ್ಯೆಯ ಮೊದಲೆರಡು ಅಂಕಿ ಜಿಲ್ಲೆಯದು: 75 ಪ್ಯಾರಿಸ್, 93 ಸೇನ್-ಸೇಂ-ದನಿ, 49 ಆಂಜೆ ಇರುವ ಜಿಲ್ಲೆ, 45 ಓರ್ಲೆಯಾಂನದು, 21 ದಿಜೋಂನದು. "ಪ್ಯಾರಿಸ್ ಬ್ಯಾಂಡು" ಎಂದು ಎಲ್ಲರೂ ಬರೆಯುತ್ತ ಬಂದದ್ದು ಕೊನೆಗೆ ಪಕ್ಕದ ಉಪನಗರಗಳ 93ರದೋ 94ರದೋ ಆಗಿರುವುದು ಮಾಮೂಲಿ, ಮತ್ತು ಆ ಬ್ಯಾಂಡಿನವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬೇರೆ ಬೇರೆ ಮೂರು ಬ್ಯಾಂಡುಗಳ ರೆಕಾರ್ಡಿನ ಹಿಂದೆ ಒಂದೇ ಅಂಚೆ ಪೆಟ್ಟಿಗೆ ಸಂಖ್ಯೆ ಕಂಡರೆ, ಲೇಬಲ್ಲು, ಫ್ಯಾನ್‌ಜಿನ್ (ಅಭಿಮಾನಿಗಳೇ ತರುವ ಪುಟ್ಟ ಪತ್ರಿಕೆ), ಕ್ಯಾಸೆಟ್ ಮಾರಾಟ ಎಲ್ಲ ಒಬ್ಬನೇ ಅಡುಗೆಮನೆ ಮೇಜಿನ ಮೇಲೆ ನಡೆಸುತ್ತಿದ್ದ ಎಂದರ್ಥ. ಬ್ಯಾಂಡಿನ ಹೆಸರಿಗಿಂತ ಆ ಪೆಟ್ಟಿಗೆ ಸಂಖ್ಯೆಯನ್ನು ಹಿಡಿದು ಹುಡುಕಿದರೆ ಹೆಚ್ಚು ಸಿಗುತ್ತದೆ.

ರೆಕಾರ್ಡನ್ನು ಓದುವುದು

ಏಳಿಂಚಿನ ರೆಕಾರ್ಡನ್ನು ಫ್ರಾನ್ಸಿನಲ್ಲಿ "45 ತೂರ್" ಎನ್ನುತ್ತಾರೆ, ದೊಡ್ಡದನ್ನು "33 ತೂರ್". ಹುಡುಕುವಾಗ ಈ ಪದಗಳನ್ನೇ ಬಳಸಿ. ಡೆಮೊಗೆ "ಮಾಕೆತ್", ಸ್ವಂತ ಖರ್ಚಿನಲ್ಲಿ ತಂದದ್ದಕ್ಕೆ "ಓಟೊಪ್ರೊದ್ಯುಕ್ಸ್ಯೋಂ".

ಕವರಿನ ಮೇಲಿನ ಇಸವಿಯನ್ನು ಎಲ್ಲಕ್ಕಿಂತ ಕೊನೆಗೆ ನಂಬಿ. ವೃತ್ತದೊಳಗಿನ ಪಿ ಅಕ್ಷರದ ಪಕ್ಕದ ವರ್ಷ ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷ. ಇಪ್ಪತ್ತು ವರ್ಷದ ಮೇಲೆ ಮರುಮುದ್ರಣ ಮಾಡಿದವರೂ ಅದನ್ನೇ ಹಾಕುತ್ತಾರೆ. ಇನ್ನು ಕೆಲವು ಸಲ ಕವರು ಡಿಸೆಂಬರಿನಲ್ಲಿ ಅಚ್ಚಾಗಿ, ಕಾರ್ಖಾನೆಗೆ ಕೊಡಲು ದುಡ್ಡು ಕೂಡುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. "ದೆಪೋ ಲೆಗಾಲ್" ಎಂದು ಬರೆದು ಪಕ್ಕದಲ್ಲಿ ವರ್ಷದ ಎಷ್ಟನೆಯ ತ್ರೈಮಾಸಿಕ ಎಂದು ಕೊಟ್ಟಿದ್ದರೆ ಅದು ಹೆಚ್ಚು ನಂಬಿಕೆಯದು. ಪ್ರಕಟವಾದದ್ದನ್ನೆಲ್ಲ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಈ ಕಾನೂನಿನ ಮೂಲ 1537ರ ರಾಜಾಜ್ಞೆಯಲ್ಲಿದೆ. ಪಂಕ್‌ಗಳು ಪಾಲಿಸಿದ್ದು ಅಷ್ಟರಲ್ಲೇ ಇದೆ, ಆದರೂ ಬಿಎನ್ಎಫ್, ಅಂದರೆ ಆ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಒಮ್ಮೆ ಹುಡುಕದೆ ಬಿಡಬೇಡಿ. ಕಾರ್ಖಾನೆಯವರೋ ವಿತರಕರೋ ಒಪ್ಪಿಸಿದ ಪ್ರತಿ ಸಿಕ್ಕೀತು.

ಈಗ ಹಾಡು ಮುಗಿದ ಮೇಲಿನ ನುಣುಪು ಭಾಗಕ್ಕೆ ಬನ್ನಿ. ಟೇಬಲ್ ಲ್ಯಾಂಪನ್ನು ರೆಕಾರ್ಡಿನ ಮಟ್ಟಕ್ಕೆ ಇಳಿಸಿ, ಬೆಳಕು ಅಡ್ಡಡ್ಡ ಬೀಳುವಂತೆ ಇಟ್ಟು, ರೆಕಾರ್ಡನ್ನು ನಿಧಾನಕ್ಕೆ ತಿರುಗಿಸಿ. ಗೀಚಿದ ಅಕ್ಷರಗಳು ನೆರಳಿನಿಂದ ಮೇಲೇಳುತ್ತವೆ. ಅಲ್ಲಿ ಮೂರು ಬಗೆಯ ಗುರುತು ಇರಬಹುದು: ಯಂತ್ರದಿಂದ ಒತ್ತಿದ್ದು, ಕೈಯಿಂದ ಗೀಚಿದ ಕ್ಯಾಟಲಾಗ್ ಸಂಖ್ಯೆ ಮತ್ತು ಬದಿ, ಹಾಗೂ ಮೂಲ ತಟ್ಟೆಯಲ್ಲಿ ಗೀರು ಕತ್ತರಿಸಿದ ಎಂಜಿನಿಯರನ ಮೊದಲಕ್ಷರವೋ ಬ್ಯಾಂಡಿನವರ ಕುಚೋದ್ಯವೋ. ಎಂಪಿಒ ಎಂದು ಒತ್ತಿದ್ದರೆ ಮಾಯೆನ್ ಜಿಲ್ಲೆಯ ಅವೆರ್ತೋಂ ಊರಿನ ಕಾರ್ಖಾನೆಯದು. 1957ರಿಂದ ನಡೆಯುತ್ತಿರುವ ಅಲ್ಲಿ ಫ್ರೆಂಚ್ ಸ್ವತಂತ್ರ ಲೇಬಲ್‌ಗಳ ಬಹಳಷ್ಟು ರೆಕಾರ್ಡುಗಳು ಒತ್ತಲ್ಪಟ್ಟಿವೆ. ಒಂದೇ ರೆಕಾರ್ಡಿನ ಎರಡು ಪ್ರತಿಗಳಲ್ಲಿ ಗೀಚು ಬೇರೆಯಿದ್ದರೆ ಎರಡು ಸಲ ಕತ್ತರಿಸಿದ್ದಾರೆ. ಗೀಚು ಒಂದೇ ಇದ್ದ ಮಾತ್ರಕ್ಕೆ ಒಂದೇ ಮುದ್ರಣ ಎಂದೇನಿಲ್ಲ, ಹಳೆಯ ಅಚ್ಚಿನಿಂದಲೇ ಮತ್ತೆ ಒತ್ತಿರಬಹುದು. ಅಲ್ಲಿ ಲೇಬಲ್ ಕಾಗದದ ಬಣ್ಣ, ಕವರಿನ ಮಡಿಕೆ, ಫೋನ್ ನಂಬರ್ ನೋಡಬೇಕು.

ಎಷ್ಟು ಪ್ರತಿ? ಬ್ಯಾಂಡಿನವರು ಐನೂರು ಎನ್ನುತ್ತಾರೆ, ಮಾರುವವರು ಮುನ್ನೂರು ಎನ್ನುತ್ತಾರೆ. ಕಾರ್ಖಾನೆಯ ಬಿಲ್ಲೊಂದೇ ಪುರಾವೆ. ಆರ್ಡರಿಗಿಂತ ಶೇ. 10ರ ಆಸುಪಾಸು ಹೆಚ್ಚೋ ಕಡಿಮೆಯೋ ಒತ್ತಿ ಅಷ್ಟಕ್ಕೇ ಬಿಲ್ ಮಾಡುವುದು ಈ ಉದ್ಯಮದ ವಾಡಿಕೆ, ಹಾಗಾಗಿ ಬಿಲ್ಲಿನಲ್ಲಿ 537 ಎಂಬಂಥ ವಿಚಿತ್ರ ಅಂಕಿ ಕಂಡರೆ ಗಾಬರಿ ಬೇಡ. ಡಿಸ್ಕಾಗ್ಸ್‌ನಂಥ, ಬಳಕೆದಾರರೇ ರೆಕಾರ್ಡುಗಳ ವಿವರ ತುಂಬುವ ತಾಣಗಳು ಕವರು ಮತ್ತು ಲೇಬಲ್ಲಿನ ಫೋಟೊಗಳಿಗೆ ಬಲು ಉಪಯೋಗಿ. ಇಸವಿಗೆ ಅಲ್ಲ: ಅಲ್ಲಿ ತುಂಬಿಸಿದವರೂ ನಿಮ್ಮ ಹಾಗೆಯೇ ಕವರು ನೋಡಿ ಊಹಿಸಿದವರು.

ಫ್ಯಾನ್‌ಜಿನ್

ಹಾರ್ಡ್‌ಕೋರ್‌ನ ದಿನಪತ್ರಿಕೆ ಎಂದರೆ ಫ್ಯಾನ್‌ಜಿನ್. ಪ್ವಾತಿಯೆ ಊರಿನ ಫಾಂಜಿನೋತೆಕ್ 1989ರಿಂದ ಇವುಗಳನ್ನೇ ಕೂಡಿಸುತ್ತ ಬಂದ ಸಂಸ್ಥೆ. ಮೊದಲ ಪತ್ರ ಅಲ್ಲಿಗೆ. ಬ್ಯಾಂಡಿನ ಹೆಸರು ಮಾತ್ರ ಕೊಟ್ಟು ಕೇಳಿದರೆ ಅವರಿಗೂ ಕಷ್ಟ. ಊರು, ಅಂದಾಜು ಇಸವಿ, ಲೇಬಲ್ ಹೆಸರು, ಜೊತೆಗೆ ನುಡಿಸಿದ ಎರಡು ಬ್ಯಾಂಡುಗಳ ಹೆಸರು ಕೊಡಿ. ಅಮೆರಿಕದ ಮ್ಯಾಕ್ಸಿಮಮ್ ರಾಕ್ ಅಂಡ್ ರೋಲ್ 1982ರಿಂದ ಪತ್ರಿಕೆಯಾಗಿ ಬಂದು ಬೇರೆ ಬೇರೆ ದೇಶಗಳ ವರದಿಗಳನ್ನು ಅಚ್ಚು ಹಾಕುತ್ತಿತ್ತು. ಸಂಚಿಕೆಯ ತಿಂಗಳು ಗಟ್ಟಿ, ಆದರೆ ಅಟ್ಲಾಂಟಿಕ್ ದಾಟಿ ಅಚ್ಚಾಗುವ ಹೊತ್ತಿಗೆ ಸುದ್ದಿ ಹಳತಾಗಿರುತ್ತದೆ. "ಹೊಸ ಬ್ಯಾಂಡು" ಎಂದು ಅಲ್ಲಿ ಬಂದದ್ದು ಅಷ್ಟರಲ್ಲಿ ಮುರಿದಿರಲೂಬಹುದು.

ಫ್ಯಾನ್‌ಜಿನ್‌ಗಳಲ್ಲಿ ದೆಪೋ ಲೆಗಾಲ್ ಎಂಬಲ್ಲಿ "ಪ್ರಕಟವಾದಾಗ" ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಹಳೆಯ ಚಾಳಿ. ಇಸವಿ ಬೇಕಿದ್ದರೆ ವಿಮರ್ಶೆಯ ಪುಟಗಳಿಗೆ ಹೋಗಿ, ಅಲ್ಲಿ ಹೆಸರಿಸಿದ ರೆಕಾರ್ಡುಗಳಲ್ಲಿ ಎಲ್ಲಕ್ಕಿಂತ ಈಚಿನದನ್ನು ಹುಡುಕಿ. ಸಂಚಿಕೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹಿಂದಿನ ಪುಟದಲ್ಲಿ "ಬರಲಿರುವ ಕಾರ್ಯಕ್ರಮಗಳು" ಇದ್ದರೆ ಇನ್ನೊಂದು ಬದಿಯ ಬೇಲಿಯೂ ಸಿಕ್ಕಿತು.

ಸ್ಕ್ಯಾನ್ ಮಾಡುವಾಗ ಕಪ್ಪು-ಬಿಳುಪಿನ ಎರಡೇ ಮಟ್ಟದ ಮೋಡ್ ಬೇಡ. ಜೆರಾಕ್ಸಿನ ಬೂದು ಛಾಯೆಯಲ್ಲಿ ಮುಳುಗಿದ ಸಾಲುಗಳು ಅದರಲ್ಲಿ ಸತ್ತೇ ಹೋಗುತ್ತವೆ. ಬಣ್ಣದಲ್ಲಿ, ಅಕ್ಷರಕ್ಕೆ 400 ಡಿಪಿಐ, ಫೋಟೊ ಇರುವ ಪುಟಕ್ಕೆ 600, ಟಿಫ್ ಕಡತವಾಗಿ. ಚುಕ್ಕಿ ಫೋಟೊಗಳನ್ನು 300ರಲ್ಲಿ ತೆಗೆದರೆ ಚುಕ್ಕಿಯ ಸಾಲೂ ಸ್ಕ್ಯಾನರಿನ ಸಾಲೂ ಡಿಕ್ಕಿ ಹೊಡೆದು ಅಲೆಅಲೆಯ ವಿನ್ಯಾಸ ಏಳುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ತುಕ್ಕು ಹಿಡಿದ ಸ್ಟೇಪಲ್ ಪಿನ್ನುಗಳನ್ನು ಹಿಂಬದಿಯಿಂದ ಬಿಡಿಸಿ ತೆಗೆಯಿರಿ, ಎಳೆದರೆ ಕಾಗದ ಹರಿಯುತ್ತದೆ. ಫ್ಯಾಕ್ಸ್ ಕಾಗದದ ಮೇಲಿನ ಪತ್ರಗಳು ಸಿಕ್ಕರೆ ಅವನ್ನೇ ಮೊದಲು ಸ್ಕ್ಯಾನ್ ಮಾಡಿ. ಅವು ದಿನದಿನಕ್ಕೆ ಮಾಸುತ್ತವೆ.

ಡೆಮೊ ಕ್ಯಾಸೆಟ್

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ತುಸು ನಿಧಾನಿಸೋಣ.

ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕುವ ಮುಂಚೆ ಒಳಕಾಗದದ ಎರಡೂ ಬದಿ, ಕ್ಯಾಸೆಟ್ಟಿನ ಎರಡೂ ಬದಿ ಫೋಟೊ ತೆಗೆಯಿರಿ. ಮೇಲಂಚಿನ ರೆಕಾರ್ಡಿಂಗ್ ತಡೆಯ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳು ಇನ್ನೂ ಇದ್ದರೆ ಮುರಿದುಬಿಡಿ. ಒಳಗೆ ಟೇಪಿನ ಹಿಂದೆ ಚಿಕ್ಕ ಫೆಲ್ಟ್ ಗಾದಿಯೊಂದಿರಬೇಕು. ಅಂಟು ಒಣಗಿ ಅದು ಉದುರಿದ್ದರೆ ಸದ್ದು ಮಂಕಾಗಿ, ಎಡಬಲ ಏರಿಳಿಯುತ್ತದೆ. ಆಗ ಐದು ತಿರುಪಿನ ಬೇರೊಂದು ಕ್ಯಾಸೆಟ್ ಬಿಚ್ಚಿ, ಟೇಪಿನ ಎರಡೂ ಸುರುಳಿಯನ್ನು ಅದಕ್ಕೆ ಸ್ಥಳಾಂತರಿಸಿ. ಅಂಟಿಸಿದ ಕ್ಯಾಸೆಟ್ಟಾದರೆ ಜೋಡಣೆಯ ಗೆರೆಯ ಮೇಲೆ ಬ್ಲೇಡು ಆಡಿಸಿ ಬಿಡಿಸಬೇಕು. ಸಿ-120 ಟೇಪು ಬಹಳ ತೆಳು, ಸುಮಾರು 9 ಮೈಕ್ರಾನ್. ಅದನ್ನು ವೇಗವಾಗಿ ಸುತ್ತಬೇಡಿ. ಸಿ-60 ಅದರ ಎರಡರಷ್ಟು ದಪ್ಪ, ಅಷ್ಟು ಹೆದರಬೇಕಿಲ್ಲ.

ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಆರಲು ಬಿಡಿ. ಈಗ ಮುಖ್ಯವಾದ ಕೆಲಸ: ಹೆಡ್ಡಿನ ಓರೆ, ಅಂದರೆ ಅಜಿಮತ್. ನಲವತ್ತು ವರ್ಷದ ಹಿಂದೆ ಪ್ರತಿ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಯಿದ್ದರೂ, ನಿಮ್ಮ ಡೆಕ್ಕಿನಲ್ಲಿ ಸಿಂಬಲ್‌ಗಳ ಮೇಲೆ ಕಂಬಳಿ ಹೊದೆಸಿದಂತೆ ಕೇಳಿಸುತ್ತದೆ. ಡೆಕ್ಕಿನ ಬಾಗಿಲ ಮುಚ್ಚಳ ತೆಗೆದು, ಸದ್ದನ್ನು ಮೊನೊಗೆ ಹಾಕಿ, ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ತಿರುಪನ್ನು ಚಿಕ್ಕ ಸ್ಕ್ರೂಡ್ರೈವರಿನಿಂದ ಎಂಟನೇ ಒಂದು ಸುತ್ತಿನಷ್ಟು ಆಚೀಚೆ ತಿರುಗಿಸಿ. ಹೈ-ಹ್ಯಾಟ್ (ಡ್ರಮ್ಸಿನ ಜೋಡಿ ಸಿಂಬಲ್) ಒಮ್ಮೆಲೇ ಮುಂದೆ ಬಂದು ನಿಲ್ಲುವ ಜಾಗವೊಂದು ಸಿಗುತ್ತದೆ. ಅದನ್ನು ದಾಟಿದ ಕೂಡಲೇ ಮತ್ತೆ ಮಂಕು. ತಿರುಪಿನ ಮೂಲ ಸ್ಥಾನಕ್ಕೆ ಮುಂಚೆಯೇ ಮಾರ್ಕರಿನಿಂದ ಗುರುತು ಹಾಕಿಕೊಂಡಿರಿ. ಬದಿ ಬದಲಿಸಿದಾಗ ಮತ್ತೆ ಮೊದಲಿನಿಂದ.

ಟೇಪಿನ ಬುಸುಗುಡುವಿಕೆ ತಗ್ಗಿಸುವ ಡೋಲ್ಬಿಯನ್ನು ಆಫ್ ಇಟ್ಟು ಒಂದು ಪ್ರತಿ ತೆಗೆಯಿರಿ. ಒಳಕಾಗದದಲ್ಲಿ ಡೋಲ್ಬಿ ಬಿ ಎಂದು ಗುರುತಿದ್ದರೆ ಆನ್ ಮಾಡಿ ಇನ್ನೊಂದು. ಕೈಯಿಂದ ಕೈಗೆ ಪ್ರತಿಯಾಗಿ ಬಂದ ಕ್ಯಾಸೆಟ್‌ಗಳಲ್ಲಿ ಆ ಗುರುತು ಕ್ಯಾಸೆಟ್ ಕಂಪನಿಯ ಕಾಗದದ ಅಚ್ಚಿನದೇ ಹೊರತು ರೆಕಾರ್ಡ್ ಮಾಡಿದವನದಲ್ಲ. 24 ಬಿಟ್, 96 ಕಿಲೊಹರ್ಟ್ಸ್ ವೇವ್ ಕಡತ. ಒಂದು ಗಂಟೆಗೆ ಸುಮಾರು 2 ಜಿಬಿ. ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ. ಈ ಮೂಲ ಕಡತದ ಮೇಲೆ ಗದ್ದಲ ತೆಗೆಯುವ ಸಾಫ್ಟ್‌ವೇರ್ ಓಡಿಸಬೇಡಿ. ಹಾರ್ಡ್‌ಕೋರ್ ಗಿಟಾರಿಗೂ ಟೇಪಿನ ಬುಸುಗುಡುವಿಕೆಗೂ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ. ಸಿಂಬಲ್‌ಗಳು ನೀರಿನಲ್ಲಿ ಅಲುಗಿದ ಹಾಗಾಗುತ್ತವೆ.

ವೇಗ ಸರಿಯಿದೆಯೇ ಎಂದು ತಿಳಿಯಲು ಗಿಟಾರಿನ ಶ್ರುತಿ ನಂಬಬೇಡಿ, ಅವರು ಹೇಗೆ ಶ್ರುತಿ ಮಾಡಿದ್ದರೋ. ಫ್ರಾನ್ಸಿನ ವಿದ್ಯುತ್ತು 50 ಹರ್ಟ್ಸ್. ಆಂಪ್ಲಿಫೈಯರುಗಳ ಗುಂಯ್‌ಗುಡುವಿಕೆ ರೆಕಾರ್ಡಿಂಗಿನಲ್ಲಿ ಇದ್ದೇ ಇರುತ್ತದೆ. ಹಾಡುಗಳ ನಡುವಿನ ಮೌನವನ್ನು ಸ್ಪೆಕ್ಟ್ರಮ್ ನೋಟದಲ್ಲಿ ತೆರೆದು 50, 100, 150ರ ಹತ್ತಿರ ಗೆರೆಗಳನ್ನು ಹುಡುಕಿ. ಗೆರೆ 53ರಲ್ಲಿದ್ದರೆ ಟೇಪು ಶೇ. 6 ವೇಗವಾಗಿ ಓಡುತ್ತಿದೆ, ಗೆರೆ 50ಕ್ಕೆ ಬರುವಷ್ಟು ಇಳಿಸಿ. ಎರಡು ಗೆರೆ ಕಂಡರೆ ಒಂದು ನಿಮ್ಮದೇ ತಂತಿಗಳಿಂದ ಬಂದದ್ದಿರಬಹುದು. ಟೇಪು ನಿಲ್ಲಿಸಿ ನೋಡಿ, ಉಳಿದದ್ದು ನಿಮ್ಮದು. ಅದರ ಮೇಲೂ ಎರಡು ಉಳಿದರೆ ಟೇಪು ಪ್ರತಿಯ ಪ್ರತಿ, ಪ್ರತಿ ತಲೆಮಾರೂ ತನ್ನ ಗೆರೆ ಬಿಟ್ಟುಹೋಗಿದೆ. ಎರಡು ಕ್ಯಾಸೆಟ್‌ಗಳಲ್ಲಿ ಮೂಲಕ್ಕೆ ಹತ್ತಿರ ಯಾವುದು ಎಂಬ ಜಗಳವನ್ನು ಹೀಗೂ ಬಗೆಹರಿಸಬಹುದು.

ಒಮ್ಮೊಮ್ಮೆ ಕ್ಯಾಸೆಟ್ ಹಾಕಿದರೆ ಬರೀ ಡ್ರಮ್ಸೂ ಬೇಸೂ ಕೇಳಿಸುತ್ತದೆ, ಬದಿ ತಿರುಗಿಸಿದರೆ ದನಿ ಮತ್ತು ಗಿಟಾರು ಹಿಂದುಮುಂದಾಗಿ ಓಡುತ್ತವೆ. ಟೇಪು ಹಾಳಾಗಿಲ್ಲ, ನಿಮಗೆ ನಿಧಿ ಸಿಕ್ಕಿದೆ. ಅದು ನಾಲ್ಕು ಟ್ರ್ಯಾಕಿನ ಯಂತ್ರದ ಮೂಲ ಟೇಪು. ಅಂಥ ಯಂತ್ರಗಳು ನಾಲ್ಕೂ ಟ್ರ್ಯಾಕನ್ನು ಒಂದೇ ದಿಕ್ಕಿನಲ್ಲಿ ಬರೆಯುತ್ತವೆ. 1979ರ ಟಾಸ್ಕಾಂ ಪೋರ್ಟಾಸ್ಟುಡಿಯೊ 144 ಸೆಕೆಂಡಿಗೆ 9.5 ಸೆಂ.ಮೀ. ಓಡುತ್ತಿತ್ತು, ಮಾಮೂಲಿ ಕ್ಯಾಸೆಟ್‌ನ ಎರಡರಷ್ಟು, ಹಾಗಾಗಿ ಸಾಮಾನ್ಯ ಡೆಕ್ಕಿನಲ್ಲಿ ಎಲ್ಲವೂ ಅರ್ಧ ವೇಗಕ್ಕೆ ಇಳಿದಿರುತ್ತದೆ. ಅದೇ ಮಾದರಿಯ ಯಂತ್ರ ಎರವಲು ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಎರಡೂ ಬದಿ ತೆಗೆದುಕೊಂಡು, ಎರಡನೆಯದನ್ನು ಕಂಪ್ಯೂಟರಿನಲ್ಲಿ ತಿರುಗುಮುರುಗು ಮಾಡಿ, ಸ್ನೇರ್ ಏಟುಗಳನ್ನು ಹೊಂದಿಸಿ ಜೋಡಿಸಿ. ಒಂದು ಹಾಡಿನ ಕೊನೆಗೆ ಬರುವಷ್ಟರಲ್ಲಿ ಎರಡೂ ಸ್ವಲ್ಪ ಜಾರಿರುತ್ತವೆ, ನಾಲ್ಕೈದು ಕಡೆ ಕತ್ತರಿಸಿ ಕೂರಿಸಬೇಕಾಗುತ್ತದೆ. ಟೇಪಿಗೆ ಡೋಲ್ಬಿಯಂತೆಯೇ ಶಬ್ದ ತಗ್ಗಿಸುವ ಡಿಬಿಎಕ್ಸ್ ಬಳಸಿದ್ದರೆ ಬಿಡಿಸದೆ ಕೇಳಿದಾಗ ಸದ್ದು ಚುಚ್ಚುತ್ತದೆ, ಏದುಸಿರು ಬಿಟ್ಟಂತಿರುತ್ತದೆ.

ಸರ್ಕಾರಿ ಕಾಗದದಲ್ಲೂ ಪಂಕ್ ಇದೆ

ಕಾರ್ಯಕ್ರಮ ನಡೆಸುವ ಗುಂಪುಗಳು, ಎಷ್ಟೋ ಲೇಬಲ್‌ಗಳು, 1901ರ ಜುಲೈ 1ರ ಸಂಘಗಳ ಕಾನೂನಿನಡಿ ನೋಂದಾಯಿಸಿಕೊಂಡಿದ್ದವು. ಸಭಾಂಗಣ ಬಾಡಿಗೆಗೆ, ಬ್ಯಾಂಕ್ ಖಾತೆಗೆ ಅದು ಬೇಕಿತ್ತು. ಹಾಗೆ ನೋಂದಣಿಯಾದದ್ದು ಸರ್ಕಾರಿ ಗೆಜೆಟ್ಟಾದ ಜೂರ್ನಾಲ್ ಒಫಿಸಿಯೆಲ್‌ನಲ್ಲಿ ಪ್ರಕಟವಾಗುತ್ತದೆ: ಹೆಸರು, ಉದ್ದೇಶ, ಕಚೇರಿ ವಿಳಾಸ, ದಿನಾಂಕ. ಅರಾಜಕತಾವಾದಿ ಲೇಬಲ್ಲಿನ ಜನ್ಮದಿನ ಸರ್ಕಾರದ ಗೆಜೆಟ್ಟಿನಲ್ಲಿ ಸಿಗುವುದು ತಮಾಷೆಯೇ ಸರಿ. ಸಂಘದ ಹೆಸರು ಲೇಬಲ್ಲಿನ ಹೆಸರೇ ಆಗಿರಬೇಕೆಂದಿಲ್ಲ, ಹಾಗಾಗಿ ವಿಳಾಸದಿಂದ ಹುಡುಕಿ.

ಹಾಡುಗಳ ಹಕ್ಕು ನೋಡಿಕೊಳ್ಳುವ ಸಾಸೆಮ್‌ನ ಪಟ್ಟಿಯಲ್ಲಿ ಹಾಡಿನ ಹೆಸರು ಸಿಕ್ಕರೆ ಬರೆದವರ ಅಸಲಿ ಹೆಸರೂ ಸಿಗುತ್ತದೆ. ಸಿಗದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ; ಬೇಕೆಂದೇ ಅದರಿಂದ ದೂರ ಉಳಿದ ಬ್ಯಾಂಡುಗಳು ಎಷ್ಟೋ. 1981ರ ನವೆಂಬರ್‌ನ ಕಾನೂನಿನ ನಂತರ ಸ್ಥಳೀಯ ಸ್ವತಂತ್ರ ರೇಡಿಯೊಗಳು ಕಾನೂನುಬದ್ಧವಾದವು. ಪ್ಯಾರಿಸ್‌ನ ರೇಡಿಯೊ ಲಿಬರ್ತೇರ್ ಅದಕ್ಕೂ ಮುಂಚೆ, ಅದೇ ವರ್ಷದ ಸೆಪ್ಟೆಂಬರ್ 1ರಿಂದಲೇ ಪ್ರಸಾರ ಮಾಡುತ್ತಿತ್ತು. ಇಂಥ ಕಡೆ ಕೊಟ್ಟ ಸಂದರ್ಶನಗಳು ಬ್ಯಾಂಡಿನವರ ಬೀರುವಿನಲ್ಲೇ ಸಿಗುವ ಸಂಭವ ಹೆಚ್ಚು. ಪ್ರಸಾರ ದಾಖಲೆಗಳ ರಾಷ್ಟ್ರೀಯ ಸಂಸ್ಥೆಯಾದ ಐಎನ್ಎಯಲ್ಲಿ ದೂರದರ್ಶನ, ರೇಡಿಯೊಗಳ ಕಡ್ಡಾಯ ಒಪ್ಪಿಸುವಿಕೆ ಶುರುವಾದದ್ದೇ 1992ರ ಕಾನೂನಿನಿಂದ. ಸ್ಕ್ವಾಟ್ ಖಾಲಿ ಮಾಡಿಸಿದ ಕಡತಗಳು ಜಿಲ್ಲಾ ದಾಖಲೆಗಾರಗಳಲ್ಲಿವೆ, ಆದರೆ ಖಾಸಗಿ ಜೀವನಕ್ಕೆ ಸಂಬಂಧಿಸಿದವಕ್ಕೆ 50 ವರ್ಷದ ತಡೆ. ಅದಕ್ಕೂ ಮುಂಚೆ ನೋಡಲು ವಿಶೇಷ ಅನುಮತಿಗೆ ಅರ್ಜಿ ಹಾಕಬಹುದು, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಬೆರ್ಯುರಿಯೆ ನ್ವಾರ್‌ನ ಕಾಗದಪತ್ರಗಳು ಈಗ ಬಿಎನ್ಎಫ್‌ನಲ್ಲಿವೆ, 2024ರಲ್ಲಿ ಅವುಗಳ ಪ್ರದರ್ಶನವೂ ಆಯಿತು. ಅವರ ಜೊತೆ ವೇದಿಕೆ ಹಂಚಿಕೊಂಡ ಬ್ಯಾಂಡು ನಿಮ್ಮದಾಗಿದ್ದರೆ ಅಲ್ಲೂ ಕೇಳಿ.

ಈಗ ಮನುಷ್ಯರು

ಸ್ಪ್ರೆಡ್‌ಶೀಟ್ ಅರ್ಧ ತುಂಬಿದ ಮೇಲೆ ಮಾತಿಗೆ ಹೋಗಿ, ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ. ಎಲ್ಲರೂ ಒಟ್ಟಿಗೆ ಕೂತರೆ ಜೋರು ದನಿಯವನ ಚರಿತ್ರೆ ಸಿಗುತ್ತದೆ. "ಯಾವ ಇಸವಿ?" ಎಂದು ಕೇಳಬೇಡಿ. ಆಗ ಎಲ್ಲಿ ಕೆಲಸಕ್ಕಿದ್ದಿರಿ, ರಿಹರ್ಸಲ್ ಯಾರ ನೆಲಮಾಳಿಗೆಯಲ್ಲಿ, ವ್ಯಾನ್ ಯಾರದು, ಆಂಪ್ಲಿಫೈಯರ್ ಯಾರಿಂದ ಎರವಲು ಎಂದು ಕೇಳಿ. ಪೋಸ್ಟರು ಮೇಜಿನ ಮೇಲಿಟ್ಟು ಸುಮ್ಮನಿರಿ.

ಗಂಡಸರನ್ನು ಖಂಡಿತ ಕೇಳಬೇಕಾದ ಪ್ರಶ್ನೆ ಒಂದಿದೆ: ಸೈನ್ಯದ ಸೇವೆಗೆ ಯಾವಾಗ ಹೋದಿರಿ? ಕಡ್ಡಾಯ ಸೇವೆ 1991ರವರೆಗೆ 12 ತಿಂಗಳು, 1992ರಿಂದ 10 ತಿಂಗಳು. 1997ರ ಕಾನೂನು 1979ರಿಂದೀಚೆ ಹುಟ್ಟಿದವರನ್ನು ಅದರಿಂದ ಬಿಡಿಸಿತು. "ಬ್ಯಾಂಡು ಒಂದು ವರ್ಷ ಸುಮ್ಮನಿತ್ತು, ಯಾಕೋ ಗೊತ್ತಿಲ್ಲ" ಎಂಬ ಖಾಲಿ ಜಾಗಗಳಿಗೆ ಎಷ್ಟೋ ಸಲ ಇದೇ ಉತ್ತರ, ಮತ್ತು ಸೇನೆಯ ದಾಖಲೆ ಪುಸ್ತಕದಲ್ಲಿ ದಿನಾಂಕ ಖಚಿತವಾಗಿರುತ್ತದೆ. ಹೋಗದೆ ತಪ್ಪಿಸಿಕೊಂಡವರು, ಆತ್ಮಸಾಕ್ಷಿಯ ಕಾರಣಕ್ಕೆ ನಿರಾಕರಿಸಿ ಅದರ ಬದಲು ದುಪ್ಪಟ್ಟು ಕಾಲ ನಾಗರಿಕ ಸೇವೆ ಮಾಡಿದವರೂ ಈ ವಲಯದಲ್ಲಿ ಕಡಿಮೆಯಿಲ್ಲ.

ನೆನಪು ಎಲ್ಲಿ ಬಾಗುತ್ತದೆ ಎಂಬುದಕ್ಕೂ ಒಂದು ಕ್ರಮವಿದೆ. ದೊಡ್ಡ ಘಟನೆಯ ಕಡೆಗೆ ಅದು ಜಾರುತ್ತದೆ. ಬೆರ್ಯುರಿಯೆ ನ್ವಾರ್‌ನ ಕೊನೆಯ ಮೂರು ರಾತ್ರಿಗಳ ಮೊದಲನೆಯದು ಬರ್ಲಿನ್ ಗೋಡೆ ಬಿದ್ದ 1989ರ ನವೆಂಬರ್ 9ರಂದೇ ಆದದ್ದು ನಿಜ. ಆದರೆ ತಮ್ಮ ಬ್ಯಾಂಡಿನ ಕೊನೆಯ ಕಾರ್ಯಕ್ರಮವೂ "ಗೋಡೆ ಬಿದ್ದ ವಾರವೇ" ಎಂದು ಯಾರಾದರೂ ಹೇಳಿದರೆ ಪೋಸ್ಟರು ಕೇಳಿ.

ಅಡ್ಡಹೆಸರುಗಳನ್ನು ಅಡ್ಡಹೆಸರಾಗಿಯೇ ಬಿಡಿ. ಆಗ ಅವು ಸೈನ್ಯ, ಕೆಲಸ, ನವನಾಜಿ ಸ್ಕಿನ್‌ಹೆಡ್‌ಗಳು, ಮೂವರಿಂದಲೂ ರಕ್ಷಣೆಯಾಗಿದ್ದವು. ಈಗ ಅವರು ಶಾಲಾ ಮೇಷ್ಟ್ರೋ ನರ್ಸೋ ಆಗಿರಬಹುದು. ಅಸಲಿ ಹೆಸರು ಹಾಕಬೇಕಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಫ್ರಾನ್ಸಿನ ನಾಗರಿಕ ಸಂಹಿತೆಯ 9ನೇ ವಿಧಿ ಖಾಸಗಿ ಜೀವನವನ್ನು ಗಟ್ಟಿಯಾಗಿ ಕಾಯುತ್ತದೆ, ಫೋಟೊದಲ್ಲಿರುವವರಿಗೂ ಹಕ್ಕಿದೆ. ಧ್ವನಿಮುದ್ರಣದ ಮೇಲೆ ಕಲಾವಿದರ ಮತ್ತು ನಿರ್ಮಾಪಕರ ಹಕ್ಕು ಪ್ರಕಟಣೆಯಿಂದ 70 ವರ್ಷ. ಡೆಮೊ ಅಂತರ್ಜಾಲಕ್ಕೆ ಹಾಕುವ ಮುನ್ನ ನುಡಿಸಿದ ಎಲ್ಲರ ಒಪ್ಪಿಗೆ ಬೇಕು, ಬಿಟ್ಟುಹೋದ ಬೇಸ್ ವಾದಕನದೂ. ಕವರಿನ ಮೇಲಿನ ಹಳೆಯ ವಿಳಾಸಗಳನ್ನು ಸ್ಕ್ಯಾನಿನಲ್ಲಿ ಮಸುಕಾಗಿಸಿ, ಅಲ್ಲಿ ಈಗ ಯಾರದೋ ತಾಯಿ ಇರಬಹುದು.

ಬರೆಯುವಾಗ ಮೂರು ಬಗೆಯ ವಾಕ್ಯಗಳನ್ನು ಬೇರೆಬೇರೆಯಾಗಿ ಇಡಿ. ವಸ್ತು ಹೇಳಿದ್ದು: "ಪೋಸ್ಟರಿನ ಪ್ರಕಾರ". ಇಬ್ಬರು ಪ್ರತ್ಯೇಕವಾಗಿ ಹೇಳಿದ್ದು: ಇಬ್ಬರದೂ ಅಡ್ಡಹೆಸರು ಹಾಕಿ. ಒಬ್ಬರೇ ಹೇಳಿದ್ದು: ಅವರ ಮಾತಾಗಿಯೇ ಉದ್ಧರಣ ಚಿಹ್ನೆಯೊಳಗೆ. ಸದಸ್ಯರ ಪಟ್ಟಿಯನ್ನು ಕಾಲಾನುಕ್ರಮದಲ್ಲಿ ಮೊದಲ ಪುಟಕ್ಕೇ ಹಾಕಿ, ಕಾರ್ಯಕ್ರಮಗಳ ಪಟ್ಟಿಯನ್ನು ಕೊನೆಗೆ. ನಡೆದದ್ದು ಖಚಿತವಾದವು ದಪ್ಪಕ್ಷರದಲ್ಲಿ, ಬರೀ ಘೋಷಣೆಯಾದವು ತೆಳುವಾಗಿ.

ಫ್ರಾನ್ಸಿನಲ್ಲಿ ಪುಸ್ತಿಕೆಯಾಗಿ ತಂದರೆ ಬಿಎನ್ಎಫ್‌ಗೆ ಒಪ್ಪಿಸಬೇಕು: ಎರಡು ಪ್ರತಿ, 300ಕ್ಕಿಂತ ಕಡಿಮೆ ಅಚ್ಚು ಹಾಕಿಸಿದ್ದರೆ ಒಂದು. ಅಂಚೆ ಖರ್ಚಿಲ್ಲ. ಇನ್ನೊಂದು ಪ್ರತಿ ಪ್ವಾತಿಯೆಗೆ. ಬ್ಯಾಂಡಿನವರಿಗೆ ಕೊಡುವ ಪ್ರತಿಗಳಲ್ಲಿ ಕೊನೆಯ ಎರಡು ಪುಟ ಖಾಲಿ ಬಿಟ್ಟು, ಜೊತೆಗೊಂದು ಪೆನ್ಸಿಲ್ ಇಟ್ಟು ಕಳಿಸಿ. ಮೊದಲು ತುಂಬಿ ಬರುವುದು ಡ್ರಮ್ಮರನದು.